ನೇಮ್ಡ್ ಸಿಪಿಯು ತಿನ್ನಾಕತ್ತೈತಿ, ರಿಸ್ಟಾರ್ಟ್ ಮಾಡ್ಲೇನ್ರಿ ಸರ?

ಪ್ರಶ್ನೆ: "ಸರ, ನಮ್ಮ ಡಿಎನ್‌ಎಸ್ ಸರ್ವರ್‌ನಾಗ ಟಾಪ್ ಹೊಡದ್ರ ನೇಮ್ಡ್ 98, 99 ತೋರಸ್ತೈತಿ. ರಿಸ್ಟಾರ್ಟ್ ಮಾಡಿದ್ರ ಹತ್ತು ನಿಮಿಷ ಆರಾಮ, ಮತ್ತ ಅದೇ ಹಾಡು. ಏನ್ ಮಾಡೂದ್ರಿ?"

ಇದಕ್ಕ ಉತ್ತರ ಹೇಳಿ ಹೇಳಿ ಬಾಯಿ ಒಣಗೈತಿ, ಇದೊಂದ್ ಸಲ ಬರದ್ ಬಿಡ್ತೀನಿ, ಮುಂದ ಯಾರ್ ಕೇಳಿದ್ರೂ ಇದನ್ನ ಕಳಸೂದು. ಹೊಸಬರಿಗೆ ಒಂದ್ ಮಾತು: ಡಿಎನ್‌ಎಸ್ ಅಂದ್ರ ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡಕಿ ಕೊಡೂ ವ್ಯವಸ್ಥೆ, ಆ ಕೆಲಸ ಮಾಡೂ ಬೈಂಡ್ ಸಾಫ್ಟ್‌ವೇರಿನ ಪ್ರೋಗ್ರಾಮ್ ನೇಮ್ಡ್, ಯಾವ ಪ್ರೋಗ್ರಾಮ್ ಎಷ್ಟು ಸಿಪಿಯು ತಿಂತೈತಿ ಅಂತ ತೋರ್ಸೂ ಕಮಾಂಡ್ ಟಾಪ್.

ಮೊದಲ ಆ ರಿಸ್ಟಾರ್ಟ್ ಚಟ ಬಿಡ್ರಿ. ನೇಮ್ಡ್ ಒಮ್ಮೆ ಕೇಳಿ ತಿಳ್ಕೊಂಡ ವಿಳಾಸಾನ ಕ್ಯಾಶ್‌ನಾಗ ಇಟ್ಕೊಂಡಿರ್ತೈತಿ, ನೀವು ರಿಸ್ಟಾರ್ಟ್ ಹೊಡದ ಕೂಡ್ಲೆ ಅದೆಲ್ಲಾ ಖಾಲಿ, ಮತ್ತ ಎಲ್ಲಾರಿಗಿಂತ ಮ್ಯಾಲಿನ ರೂಟ್ ಸರ್ವರ್‌ನಿಂದ ಹಿಡದು ಒಬ್ಬೊಬ್ಬರನ್ನ ಕೇಳ್ಕೋತ ಹೋಗಬೇಕು. ಅಂದ್ರ ಕೆಲಸ ಹೆಚ್ಚಾತೋ ಕಡಿಮಿ ಆತೋ ನೀವ ಹೇಳ್ರಿ. ಹಂಗಾರ ಹತ್ತು ನಿಮಿಷ ಆರಾಮ ಯಾಕ್ರಿ ಅಂತ ಕೇಳ್ತೀರಿ, ಗೊತ್ತೈತಿ. ಉತ್ತರ ಸಿಗದ ನೇತಾಡಾಕತ್ತಿದ್ದ ಕ್ವೆರಿಗೋಳು, ಅಂದ್ರ ಪ್ರಶ್ನೆಗೋಳು, ಡಿಫಾಲ್ಟ್‌ನಾಗ ಒಮ್ಮೆಗೆ 1000ದ ತನಕ ಇರಬಹುದು, ಅವೆಲ್ಲ ಒಮ್ಮೆಲೆ ಸತ್ತು ಹೋಗ್ತಾವು, ಅದಕ್ಕ ಹಗೂರ ಕಾಣಸ್ತೈತಿ. ಕೇಳವರು ಎಲ್ಲೂ ಹೋಗಿಲ್ಲ, ಮತ್ತ ಬಂದು ಪಾಳಿ ಹಚ್ಚತಾರ. ಮ್ಯಾಲ ನೇಮ್ಡ್ ಇಟ್ಟ ಲೆಕ್ಕಾನೂ ಸೊನ್ನಿ ಆತು, ಕಳ್ಳನ ಹೆಜ್ಜಿ ನೀವ ಕಸಬರಗಿ ತಗೊಂಡು ಗುಡಿಸಿದಂಗ. ಹೊತ್ತಿಗೆ ಸರಿಯಾಗಿ ತಾನ ಕೆಲಸ ಓಡಸೂ ಕ್ರಾನ್‌ನಾಗ ದಿನಾ ರಾತ್ರಿ ರಿಸ್ಟಾರ್ಟ್ ಹಾಕಿಟ್ಟವರನ್ನೂ ನೋಡೀನಿ, ಅದರಾಗ ಹೆಮ್ಮಿ ಬ್ಯಾರೆ!

ಅದರ ಬದ್ಲಿ ನೆಟ್‌ವರ್ಕ್ ಪ್ಯಾಕೆಟ್ ಹಿಡದು ತೋರ್ಸೂ ಟಿಸಿಪಿಡಂಪ್ ಹಚ್ಚಿ ಡಿಎನ್‌ಎಸ್‌ನ ಪೋರ್ಟ್ 53ರ ಮ್ಯಾಲ ಒಂದಿನ್ನೂರು ಪ್ಯಾಕೆಟ್ ಹಿಡೀರಿ, ಕೇಳಾಕತ್ತವರು ಯಾರು, ಏನ್ ಕೇಳಾಕತ್ತಾರ ನೋಡ್ರಿ. ಬಂದ ಪ್ರಶ್ನೆ ಎಲ್ಲಾ ಬರದಿಡೂ ಕ್ವೆರಿ ಲಾಗ್ ಚಾಲೂ ಮಾಡಿದ್ರ ಐದು ನಿಮಿಷ ನೋಡಿ ಬಂದ್ ಮಾಡ್ರಿ, ಅದೂ ಸಿಪಿಯು ತಿಂತೈತಿ.

ಗುರ್ತಿಲ್ಲದ ಹೊರಗಿನ ಐಪಿಗೋಳು ಕಂಡ್ರ ನೇಮ್ಡ್ ಸೆಟ್ಟಿಂಗಿನ ಅಲೌ-ರಿಕರ್ಶನ್‌ನಾಗ ಯಾರೋ ಎನಿ, ಅಂದ್ರ ಯಾರ್ ಬೇಕಾದ್ರೂ, ಅಂತ ಬರದಾರ ಅಂತ ತಿಳೀರಿ. ರಿಕರ್ಶನ್ ಅಂದ್ರ ಕೇಳಿದವರ ಪರವಾಗಿ ಬ್ಯಾರೆ ಸರ್ವರ್‌ಗೋಳನ್ನ ಕೇಳಿ ಉತ್ತರ ತರೂದು. ಗೋಳಗುಮ್ಮಟದಾಗ ಒಂದ್ ಚಪ್ಪಾಳಿ ಹೊಡದ್ರ ಏಳೆಂಟ್ ಸಲ ಕೇಳ್ತೈತಲ್ರಿ, ಇಲ್ಲೂ ಹಂಗ, ಸಣ್ಣ ಪ್ರಶ್ನೆಗೆ 28ರಿಂದ 54 ಪಟ್ಟು ದೊಡ್ಡ ಉತ್ತರ, ಅದೂ ಚಪ್ಪಾಳಿ ಹೊಡದಂವನ ಕಿವಿಗಲ್ಲ, ಅಂವ ಸುಳ್ಳ ವಿಳಾಸ ಬರದಿರ್ತಾನ, ಎಲ್ಲಾ ಹೋಗಿ ಮತ್ತೊಬ್ಬನ ಮ್ಯಾಲ ಬೀಳ್ತೈತಿ. ನಿಮ್ಮ ಸರ್ವರ್ ಬರೇ ಗುಮ್ಮಟ. ರಿಕರ್ಶನ್ ನಿಮ್ಮ ನೆಟ್‌ವರ್ಕ್‌ಗಷ್ಟ ಕೊಡ್ರಿ, ಹೊರಗಿಂದ 53 ಫೈರ್‌ವಾಲ್‌ನಾಗ ಮುಚ್ಚರಿ. ಅದೇ ಸರ್ವರ್ ನಿಮ್ಮ ಡೊಮೇನ್‌ಗೂ ಉತ್ತರ ಕೊಡ್ತಿದ್ರ ಪೋರ್ಟ್ ಮುಚ್ಚಬ್ಯಾಡ್ರಿ ಮತ್ತ, ರಿಕರ್ಶನ್ ಒಂದನ್ನ ಹೊರಗಿನವರಿಗೆ ಬಂದ್ ಮಾಡಿದ್ರ ಸಾಕು.

ಒಳಗಿನ ಐಪಿ ಇದ್ರ? ಬಾಗಲಕೋಟಿ ನವನಗರದಾಗ ಒಂದ್ ಆಫೀಸಿನ್ಯಾಗ ಹಿಂಗ ಹುಡಕ್ಕೋತ ಹೋದ್ರ ಸಿಕ್ಕಿದ್ದು ಕ್ಯಾಮೆರಾದ ಡಿವಿಆರ್, ಕಪಾಟಿನ ಮ್ಯಾಲ ಧೂಳಾಗ ಕುಂತಿತ್ತು. ತನ್ನ ಕಂಪನಿದ್ ಒಂದ್ ಹೆಸರನ್ನ ಬಿಟ್ಟೂ ಬಿಡದ ಕೇಳಾಕತ್ತಿತ್ತು, ಆ ಕಡೆ ಉತ್ತರ ಹೇಳೂ ಸರ್ವರ್ರ ಕೆಟ್ಟು ಕುಂತಿತ್ತು. ಸರ್ವ್‌ಫೇಲ್, ಅಂದ್ರ ಉತ್ತರ ತರಾಕ ಆಗಲಿಲ್ಲ, ಅನ್ನೂ ಉತ್ತರಾನ ನೇಮ್ಡ್ ಡಿಫಾಲ್ಟ್‌ನಾಗ ಒಂದ ಸೆಕೆಂಡ್ ನೆನಪಿಡ್ತೈತಿ, ಮುಂದಿನ ಸೆಕೆಂಡ್ ಮತ್ತ ಹುಡುಕಾಟ. ಡಿವಿಆರ್ ವೈರ್ ಕಿತ್ತೆ, ಸಿಪಿಯು ಗ್ರಾಫ್ ಬಾವ್ಯಾಗ ಕಲ್ಲ ಬಿದ್ದಂಗ ಕೆಳಗ ಬಿತ್ತು.

ಇನ್ನ ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಟಾಪ್‌ನಾಗ ಒಂದ್ ಪ್ರೋಗ್ರಾಮಿನ ಮುಂದ 100 ಅಂದ್ರ ಸಿಪಿಯುದೊಳಗಿನ ಒಂದ್ ಕೋರ್ ತುಂಬೈತಿ ಅಂತ, ಇಡೀ ಮಷಿನ್ ಅಲ್ಲ. ನಾಕು ಕೋರ್ ಇದ್ರ ಪೂರ್ತಿ ಅಂದ್ರ 400. ಟಾಪ್ ಓಡೂವಾಗ 1 ಒತ್ತರಿ, ಒಂದೊಂದ್ ಕೋರ್ ಬ್ಯಾರೆ ಬ್ಯಾರೆ ಕಾಣಸ್ತೈತಿ, ಶಿಫ್ಟ್ ಹಿಡದು ಎಚ್ ಒತ್ತಿದ್ರ ಪ್ರೋಗ್ರಾಮಿನೊಳಗಿನ ಯಾವ ಥ್ರೆಡ್, ಅಂದ್ರ ಕೆಲಸದ ಎಳಿ, ತಿನ್ನಾಕತ್ತೈತಿ ಅನ್ನೂದೂ ಗೊತ್ತಾಗ್ತೈತಿ. ಒಬ್ಬಂವ ರಾತ್ರಿ ಎರಡಕ್ಕ ಫೋನ್ ಹಚ್ಚಿದ್ದ, "ಅಣ್ಣಾ, 180 ಆಗೈತಿ, ನೂರರ ಮ್ಯಾಲ ಹ್ಯಾಂಗ ಹೋತು, ಸುಟ್ಟ್ ಹೋಗ್ತೈತೇನು?" ಅಂತ. ಎಂಟು ಕೋರಿನ ಮಷಿನ್ ಅದು, ಕಾಲು ಭಾಗನೂ ದುಡೀತಿರ್ಲಿಲ್ಲ, ಎದ್ದು ಕುಂತಾಂವ ನಾ ಒಬ್ಬನ.