ರೋಬೋಕಾಪ್ ಇನ್ನೂ ಯಾಕೆ ಹಳತಾಗಿಲ್ಲ?

ಓದುಗರ ಪ್ರಶ್ನೆ: 1987ರ ‘ರೋಬೋಕಾಪ್’ ಸಿನಿಮಾವನ್ನು ಜನ ಈಗಲೂ ಯಾಕೆ ಇಷ್ಟು ಹೊಗಳುತ್ತಾರೆ? ಅದು ಬರೀ ಗುಂಡು ಹಾರಿಸುವ ರೋಬೋ ಪೊಲೀಸಿನ ಕಥೆ ತಾನೆ?

ಹೆಸರು ಕೇಳಿದರೆ ಹಾಗೇ ಅನ್ನಿಸುತ್ತದೆ. ನಿರ್ದೇಶಕ ಪಾಲ್ ವರ್ಹೋವನ್ ಅವರಿಗೂ ಮೊದಲು ಹಾಗೇ ಅನ್ನಿಸಿ, ಸ್ಕ್ರಿಪ್ಟನ್ನು ಪೂರ್ತಿ ಓದದೇ ಎಸೆದಿದ್ದರು. ಅದನ್ನು ಓದಿ, ಇದರಲ್ಲಿ ಬೇರೇನೋ ಇದೆ, ಇನ್ನೊಮ್ಮೆ ನೋಡಿ ಅಂದವರು ಅವರ ಹೆಂಡತಿ ಮಾರ್ಟೀನ್.

ಕಥೆ ನಡೆಯುವುದು ಮುಂದೆಂದೋ ಬರಲಿರುವ ಕಾಲದ, ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ. ನಗರದ ಬಳಿ ದುಡ್ಡಿಲ್ಲ, ಪೊಲೀಸ್ ಇಲಾಖೆಯನ್ನೇ ಓಸಿಪಿ ಅನ್ನುವ ಕಂಪನಿಯ ಕೈಗೆ ಕೊಟ್ಟಾಗಿದೆ. ಅಲೆಕ್ಸ್ ಮರ್ಫಿ ಎಂಬ ಪೊಲೀಸನನ್ನು ಒಂದು ಗ್ಯಾಂಗ್ ಗುಂಡಿಟ್ಟು ಕೊಲ್ಲುತ್ತದೆ. ಅವನ ದೇಹದಲ್ಲಿ ಉಳಿದಷ್ಟನ್ನು ಕಂಪನಿ ಲೋಹದ ಕವಚಕ್ಕೆ ಸೇರಿಸುತ್ತದೆ. ಒಂದು ಕೈ ಉಳಿಸಿದ್ದೇವೆ ಅಂತ ಅಲ್ಲಿನವರು ಹೇಳಿದರೆ, ಬೇಡ, ಅದನ್ನೂ ತೆಗೆಯಿರಿ ಅನ್ನುತ್ತಾನೆ ಅಧಿಕಾರಿ. ಕೆಲಸಕ್ಕೆ ಸೇರುವಾಗ ಮರ್ಫಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾನೆ, ಕಾನೂನಿನ ಲೆಕ್ಕದಲ್ಲಿ ಸತ್ತಿದ್ದಾನೆ, ಇನ್ನು ಯಾರನ್ನು ಕೇಳಬೇಕು? ನನಗೆ ಇಡೀ ಸಿನಿಮಾದಲ್ಲಿ ಜಾಸ್ತಿ ಭಯ ಹುಟ್ಟಿಸಿದ್ದು ಈ ಮಾತುಕತೆ. ಗುಂಡಿನ ದೃಶ್ಯಗಳಲ್ಲ.

ರೋಬೋಕಾಪ್‌ಗೆ ಮೂರು ನಿಯಮ ಹಾಕಿರುತ್ತಾರೆ: ಜನರ ನಂಬಿಕೆ ಉಳಿಸು, ತಪ್ಪು ಮಾಡದವರನ್ನು ಕಾಪಾಡು, ಕಾನೂನು ಎತ್ತಿಹಿಡಿ. ನಾಲ್ಕನೆಯದು ಗುಟ್ಟು. ಕಂಪನಿಯ ದೊಡ್ಡ ಅಧಿಕಾರಿಯನ್ನು ಬಂಧಿಸಲು ಹೋದರೆ ರೋಬೋಕಾಪ್‌ನ ಮೈಯೇ ನಿಂತುಹೋಗುತ್ತದೆ. ಬೀದಿಯ ಕಳ್ಳನಿಗೆ ಕಾನೂನು ಉಂಟು, ಮಾಲೀಕನಿಗೆ ಇಲ್ಲ. ಸಿನಿಮಾ ಹಳತಾಗದೇ ಇರುವುದಕ್ಕೆ ನಾನು ಕೊಡುವ ಮೊದಲ ಕಾರಣ ಇದೇ. ಇಲ್ಲಿ ಯಂತ್ರ ಮನುಷ್ಯರ ಮೇಲೆ ತಿರುಗಿ ಬೀಳುವುದಿಲ್ಲ. ಯಂತ್ರ ಯಾರ ಆಸ್ತಿ ಅನ್ನುವುದೇ ಪ್ರಶ್ನೆ. ಮುಖ ಗುರುತಿಸುವ ಕ್ಯಾಮೆರಾ, ಡ್ರೋನು ಇರುವ ಈ ಕಾಲದಲ್ಲಿ ಆ ಪ್ರಶ್ನೆ ಇನ್ನೂ ಹತ್ತಿರ ಬಂದಿದೆ, ಅಲ್ವಾ? ಇನ್ನೊಂದು ವಿಷಯ: ನಿಜವಾದ ಡೆಟ್ರಾಯಿಟ್ ನಗರವೇ 2013ರಲ್ಲಿ ದಿವಾಳಿ ಅರ್ಜಿ ಹಾಕಿತು.

ಆದರೆ ಬರೀ ರಾಜಕೀಯದಿಂದ ಸಿನಿಮಾ ಮನಸ್ಸಿನಲ್ಲಿ ಉಳಿಯುವುದಿಲ್ಲ. ಮರ್ಫಿ ತನ್ನ ಹಳೆಯ ಮನೆಗೆ ಹೋಗುವ ದೃಶ್ಯ ನೋಡಿ. ಹೆಂಡತಿ, ಮಗ ಮನೆ ಬಿಟ್ಟು ಹೋಗಿದ್ದಾರೆ. ಮನೆ ಮಾರಾಟಕ್ಕಿದೆ. ಖಾಲಿ ಕೋಣೆಗಳಲ್ಲಿ ಟಿವಿ ಪರದೆಯ ಮೇಲೆ ಒಬ್ಬ ನಗುನಗುತ್ತಾ ಮನೆಯ ಗುಣಗಾನ ಮಾಡುತ್ತಿರುತ್ತಾನೆ. ನಡುನಡುವೆ ಮರ್ಫಿಗೆ ತುಂಡು ತುಂಡಾಗಿ ನೆನಪು ಮರಳುತ್ತದೆ. ಮರ್ಫಿಯ ಪಾತ್ರ ಮಾಡಿದ ಪೀಟರ್ ವೆಲ್ಲರ್ ಮುಖದ ಅರ್ಧಕ್ಕಿಂತ ಹೆಚ್ಚು ಭಾಗ ಶಿರಸ್ತ್ರಾಣದೊಳಗೆ. ಕಾಣುವುದು ಬಾಯಿ, ಗದ್ದ ಅಷ್ಟೇ. ಆದರೂ ಸಂಕಟ ನಮಗೆ ಮುಟ್ಟುತ್ತದೆ. ಆ ನಡಿಗೆ, ಮೊದಲು ತಲೆ ಆಮೇಲೆ ಮೈ ತಿರುಗುವ ರೀತಿ ಸುಮ್ನೆ ಬಂದದ್ದಲ್ಲ. ಮೋನಿ ಯಾಕಿಮ್ ಎಂಬ ಮೂಕಾಭಿನಯ ಗುರುವಿನ ಜೊತೆ ವೆಲ್ಲರ್ ಅಭ್ಯಾಸ ಮಾಡಿದ್ದರು. ಕೊನೆಯಲ್ಲಿ ನಿನ್ನ ಹೆಸರೇನು ಅಂತ ಕೇಳಿದಾಗ ಅವನು ‘ಮರ್ಫಿ’ ಅನ್ನುತ್ತಾನೆ. ಕಂಪನಿ ಕಿತ್ತುಕೊಂಡದ್ದರಲ್ಲಿ ಅವನು ವಾಪಸ್ ಪಡೆದದ್ದು ಅದೊಂದೇ.

ಗ್ರಾಫಿಕ್ಸ್ ಬಗ್ಗೆ ಹೇಳುವುದಾದರೆ, ಕಂಪನಿಯದೇ ಇನ್ನೊಂದು ರೋಬೋ, ಇಡಿ-209 ಎಂಬ ದೊಡ್ಡ ಯಂತ್ರವನ್ನು ಫಿಲ್ ಟಿಪ್ಪೆಟ್ ತಂಡ ಪುಟ್ಟ ಮಾದರಿ ಇಟ್ಟು, ಒಂದೊಂದೇ ಫ್ರೇಮ್ ಚಿತ್ರೀಕರಿಸಿ ನಡೆಸಿತು. ಚಲನೆ ಸ್ವಲ್ಪ ತಡವರಿಸುತ್ತದೆ ನಿಜ. ಆ ಕೆಟ್ಟ ಯಂತ್ರಕ್ಕೆ ಅದು ಸರಿಯಾಗಿಯೇ ಒಪ್ಪುತ್ತದೆ.

ನೋಡುವುದಾದರೆ 1987ರದ್ದನ್ನೇ ಮೊದಲು ನೋಡಿ, 2014ರ ರೀಮೇಕ್ ಆಮೇಲೆ. ಮಕ್ಕಳನ್ನು ಮಾತ್ರ ಜೊತೆಗೆ ಕೂರಿಸಬೇಡಿ. ಹಿಂಸೆ ಎಷ್ಟಿತ್ತೆಂದರೆ ಅಮೆರಿಕದ ರೇಟಿಂಗ್ ಮಂಡಳಿ ಇದಕ್ಕೆ ಮತ್ತೆ ಮತ್ತೆ ‘ಎಕ್ಸ್’ (ವಯಸ್ಕರಿಗೆ ಮಾತ್ರ) ಕೊಟ್ಟಿತ್ತು. ಹಲವು ದೃಶ್ಯಗಳಿಗೆ ಕತ್ತರಿ ಹಾಕಿದ ಮೇಲೆಯೇ ಅದಕ್ಕಿಂತ ಸ್ವಲ್ಪ ಸಡಿಲವಾದ ‘ಆರ್’ ಸಿಕ್ಕಿದ್ದು.