ಸಮಿತಿಗೆ ಸೇರಿದರೆ ಒಂದು ಮಗು ಕೊಡಿಸಬಹುದಾ?

ಪ್ರಶ್ನೆ: ನಾನು ಮಂಡ್ಯದವಳು. ಬಿ.ಎಡ್. ಮಾಡಿ 12 ವರ್ಷ ಪಾಠ ಹೇಳಿ ಈಗ ಮನೆಯಲ್ಲಿದ್ದೇನೆ. ಮಕ್ಕಳ ಕಲ್ಯಾಣ ಸಮಿತಿಗೆ ಸೇರಿ ಸೇವೆ ಮಾಡಬೇಕು ಅಂತ ಆಸೆ. ಲಾ ಓದಿರಬೇಕಾ? ಸೇರಿದ ಮೇಲೆ ನಮ್ಮ ತಂಗಿ ಮಗಳಿಗೆ ಒಂದು ಮಗು ಕೊಡಿಸೋಕೆ ಆಗುತ್ತಾ?

ಲಾ ಬೇಕೇ ಬೇಕು ಅಂತಿಲ್ಲ. ಶಿಕ್ಷಣ, ಸಮಾಜಕಾರ್ಯ, ಮನಃಶಾಸ್ತ್ರದಂಥ ಪದವಿ ಇದ್ದು, ಮಕ್ಕಳ ಓದು, ಆರೋಗ್ಯ, ಕಲ್ಯಾಣದಲ್ಲಿ 7 ವರ್ಷ ದುಡಿದಿದ್ದರೆ ಸಾಕು. ಸರ್ಕಾರ ಅರ್ಜಿ ಕರೆದಾಗ ಹಾಕಿ. ಅಧ್ಯಕ್ಷರು ಒಬ್ಬರು, ಸದಸ್ಯರು ನಾಲ್ವರು, ಹೆಚ್ಚೆಂದರೆ 3 ವರ್ಷದ ಅವಧಿ. ಸಂಬಳ ಇಲ್ಲ, ಕೂತ ದಿನಕ್ಕೆ ಭತ್ಯೆ. ಆದರೆ ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು. ವರ್ಷದ ಸಭೆಗಳಲ್ಲಿ ಮುಕ್ಕಾಲು ಪಾಲಿಗಾದರೂ ಬರದಿದ್ದರೆ ತೆಗೆದೇ ಹಾಕುತ್ತಾರೆ. ಬಿಡುವಾದಾಗ ಹೋಗಿ ಬರೋಣ ಅನ್ನುವ ಸೇವೆ ಇದಲ್ಲ.

ಇನ್ನು ಎರಡನೇ ಪ್ರಶ್ನೆ. ಅಮ್ಮಾ, ನಾನು ಒಂದು ಅವಧಿ ಆ ಕುರ್ಚಿಯಲ್ಲಿ ಕೂತು ಎದ್ದವಳು. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಎಣಿಸುತ್ತಿದ್ದಾಗಲೂ ಇದನ್ನೇ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. "ಮೇಡಂ, ಗಂಡೋ ಹೆಣ್ಣೋ, ಒಂದು ಮಗು ನೋಡಿ." ಸೀಮೆಹಸು ಕರು ನೋಡಿ ಅಂದ ಹಾಗೆ!

ಆಗಲ್ಲ. ಸದಸ್ಯರಿಗೂ ಆಗಲ್ಲ, ಅಧ್ಯಕ್ಷರಿಗೂ ಆಗಲ್ಲ.

ಸಮಿತಿಯ ಮುಂದೆ ಬರುವವರು ಯಾರು ಅಂತ ಮೊದಲು ತಿಳಿಯಿರಿ. ಮನೆ ಬಿಟ್ಟು ಬಂದು ಮೈಸೂರು ರೈಲ್ವೆ ಸ್ಟೇಷನ್‌ನಲ್ಲಿ ಸಿಕ್ಕ ಹುಡುಗ. ಆಲೆಮನೆಯಲ್ಲಿ ಕೆಲಸಕ್ಕಿದ್ದ ಮಗು. ಹದಿನೈದಕ್ಕೇ ಮದುವೆ ಗೊತ್ತಾಗಿದ್ದ ಹುಡುಗಿ. ಇಂಥ ಮಕ್ಕಳಿಗೆ ಅಪ್ಪ ಅಮ್ಮ ಇದ್ದಾರೆ. ವಿಚಾರಿಸಿ, ಮನೆ ಸುರಕ್ಷಿತ ಅನ್ನಿಸಿದರೆ ಅಲ್ಲಿಗೇ ಸೇರಿಸಬೇಕು. ಅಲ್ಲಿ ಹಂಚೋಕೆ ಅಂತ ಮಕ್ಕಳನ್ನು ಇಟ್ಟುಕೊಂಡಿರಲ್ಲ.

ಯಾರೂ ಇಲ್ಲದ ಕೂಸು ಬಂದರೆ? ಆಗಲೂ ಹೆತ್ತವರನ್ನು ಹುಡುಕುವುದೇ ಮೊದಲ ಕೆಲಸ. ಸಿಗಲಿಲ್ಲ ಅಂದರೆ "ದತ್ತು ಕೊಡಬಹುದು" ಅಂತ ಘೋಷಿಸಬೇಕು. 2 ವರ್ಷದೊಳಗಿನ ಮಗುವಿಗೆ 2 ತಿಂಗಳು, ದೊಡ್ಡದಕ್ಕೆ 4 ತಿಂಗಳು ಗಡುವು. ಕನಿಷ್ಠ ಮೂವರು ಸದಸ್ಯರು ಸೇರಿ ತೀರ್ಮಾನಿಸಬೇಕು. ಸಮಿತಿಯ ಪಾತ್ರ ಅಲ್ಲಿಗೆ ಮುಗಿಯಿತು. ಯಾರಿಗೆ ಕೊಡಬೇಕು ಅನ್ನುವುದು ಅವರ ಕೈಯಲ್ಲಿಲ್ಲ. ಅದಕ್ಕೆ ದತ್ತು ಕೆಲಸ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಾರಾ ಸಂಸ್ಥೆಯ ಆನ್‌ಲೈನ್ ನೋಂದಣಿ ಇದೆ, ಅದರದೇ ಸರದಿ ಇದೆ. ಕೊನೆಯ ಆದೇಶ ಮೊದಲು ಕೋರ್ಟಿನಲ್ಲಿ ಆಗುತ್ತಿತ್ತು, 2022ರ ಸೆಪ್ಟೆಂಬರ್‌ನಿಂದ ಡಿಸಿ ಕೊಡುತ್ತಾರೆ. ನಿಮ್ಮ ತಂಗಿ ಮಗಳು ಇವತ್ತೇ ಅಲ್ಲಿ ಹೆಸರು ಬರೆಸಲಿ. ನೀವು ಸಮಿತಿ ಸೇರಿದರೂ ಆ ಸಾಲು ಒಂದು ಹೆಜ್ಜೆ ಮುಂದೆ ಹೋಗಲ್ಲ.

"ಆಸ್ಪತ್ರೆ ಆಯಾ ಹತ್ರ ಮಾತಾಡಿದ್ದೀವಿ" ಅನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಮಗು ಮಾರಿದರೂ ಕೊಂಡರೂ 5 ವರ್ಷದವರೆಗೆ ಜೈಲು, 1 ಲಕ್ಷ ದಂಡ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಹೆತ್ತವಳಿಗೆ ಸಾಕಲು ಆಗಲೇ ಇಲ್ಲ ಅಂದರೆ ಏನು ಮಾಡಬೇಕು? ಬಸ್ ಸ್ಟ್ಯಾಂಡಿನಲ್ಲೋ ಗುಡಿ ಮೆಟ್ಟಿಲ ಮೇಲೋ ಬಿಟ್ಟು ಓಡಬೇಕಾಗಿಲ್ಲ. ಇದೇ ಸಮಿತಿಯ ಮುಂದೆ ಬಂದು ಒಪ್ಪಿಸಬಹುದು. ಬೈಯದೆ, ಹೆದರಿಸದೆ ಮಾತಾಡಿಸಬೇಕು. ನಮ್ಮ ಕೆಲಸದಲ್ಲಿ ಕಷ್ಟದ ಭಾಗ ಅದೇ, ನನಗೆ ಹೆಮ್ಮೆ ಇರುವುದೂ ಅದರಲ್ಲೇ. ಎಲ್ಲಿ ಹೋಗಬೇಕು ಗೊತ್ತಿಲ್ಲದಿದ್ದರೆ 1098ಕ್ಕೆ ಫೋನ್ ಮಾಡಿದರೂ ಆಯಿತು. ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸಲು ಅವಳಿಗೆ 2 ತಿಂಗಳು ಕಾಲ ಇರುತ್ತದೆ. ಅಷ್ಟರೊಳಗೆ ಅವಳು ವಾಪಸ್ ಬಂದು ಮಗು ಕೇಳಬಹುದು. ಆಗ ಸಾಲಿನಲ್ಲಿರುವವರು ಇನ್ನೂ ಸ್ವಲ್ಪ ಕಾಯಬೇಕು. ನಿಮ್ಮ ತಂಗಿ ಮಗಳೂ ಅಷ್ಟೇ.