ಆಟಿ ತಿಂಗಳ ಲೆಕ್ಕದಲ್ಲಿ ವ್ಯಾನ್ ವೈರಿಂಗ್

ಹಳೆಯ ಟ್ರಾವೆಲರನ್ನೋ ಈಕೋವನ್ನೋ ಕ್ಯಾಂಪರ್ (ಮಲಗಿ ಉಳಿಯಬಹುದಾದ ಪ್ರವಾಸದ ವ್ಯಾನ್) ಮಾಡಿಕೊಳ್ಳುವವರು ಮಂಚ, ಕಪಾಟುಗಳ ನಕ್ಷೆಯಿಂದ ಶುರು ಮಾಡುತ್ತಾರೆ. ವೈರಿಂಗ್ ಆಗುವುದು ಉಳಿದ ಜಾಗದಲ್ಲಿ, ಉಳಿದ ದುಡ್ಡಿನಲ್ಲಿ. ಮಂಗಳೂರು, ಉಡುಪಿಯ ಉಪ್ಪು ಗಾಳಿಗೆ ಮೊದಲು ಕೈಕೊಡುವುದೂ ಅದೇ. ಪ್ಲೈವುಡ್ ಬಡಿಯುವ ಮೊದಲೇ ಕೇಬಲ್ ಎಳೆದು ಮುಗಿಸಿ.

ಮೊದಲು ಕರೆಂಟಿನ ಖರ್ಚು ನೋಡಿ. 12 ವೋಲ್ಟಿನ 40 ಲೀಟರ್ ಕಂಪ್ರೆಸರ್ ಫ್ರಿಜ್ಜಿಗೆ ನಮ್ಮ ಸೆಕೆಯಲ್ಲಿ ದಿನಕ್ಕೆ ಸುಮಾರು 500 ವ್ಯಾಟ್-ಅವರ್ ಬೇಕು. 25 ವ್ಯಾಟಿನ ಫ್ಯಾನು ರಾತ್ರಿ 8 ಗಂಟೆ ತಿರುಗಿದರೆ 200. ದೀಪ, ಮೊಬೈಲು, ನೀರಿನ ಪಂಪು ಸೇರಿ 150. ಒಟ್ಟು 850. 12.8 ವೋಲ್ಟ್, 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಇರುವುದು 1,280. ಒಂದು ದಿನಕ್ಕೆ ಧಾರಾಳ, ಎರಡನೆಯ ದಿನಕ್ಕೆ ಸಾಲದು. ಇಂಡಕ್ಷನ್ ಒಲೆಯ ಆಸೆ ಬಿಡಿ: 1,500 ವ್ಯಾಟಿಗೆ ಇನ್ವರ್ಟರ್ 130 ಆಂಪಿಯರ್ ಎಳೆಯುತ್ತದೆ, ಬ್ಯಾಟರಿಯೊಳಗಿನ 100 ಆಂಪಿಯರಿನ ರಕ್ಷಣಾ ಸರ್ಕ್ಯೂಟ್ (ಬಿಎಂಎಸ್) ಆಫ್ ಆಗುತ್ತದೆ.

ಚಾವಣಿಯ 200 ವ್ಯಾಟ್ ಸೋಲಾರ್ ಫಲಕ ಮಾರ್ಚಿನಲ್ಲಿ 650–700 ವ್ಯಾಟ್-ಅವರ್ ಕೊಡಬಹುದು. ಆಟಿಯಲ್ಲಿ, ಅಂದರೆ ತುಳುನಾಡಿನ ಜಡಿಮಳೆಯ ತಿಂಗಳಲ್ಲಿ, ಅದರ ಕಾಲು ಭಾಗವೂ ಸಿಗದ ದಿನಗಳಿವೆ. ಆಗುಂಬೆ ಕಡೆ ಕಾಡಿನ ನೆರಳಲ್ಲಿ ನಿಲ್ಲಿಸಿದರಂತೂ ಕೇಳುವುದೇ ಬೇಡ. ಆದ್ದರಿಂದ ಮಳೆಗಾಲದ ನಿಜವಾದ ಚಾರ್ಜರ್ ಎಂಜಿನ್. ಗಾಡಿಯ ಬ್ಯಾಟರಿಯಿಂದ ಕರೆಂಟು ತೆಗೆದು ಹಿಂದಿನ ಲಿಥಿಯಂ ಬ್ಯಾಟರಿಗೆ ತುಂಬುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಎರಡು ಗಂಟೆ ಓಡಿಸಿದಾಗ ಹತ್ತಿರ ಹತ್ತಿರ 800 ವ್ಯಾಟ್-ಅವರ್ ತುಂಬುತ್ತದೆ. ಈ ಎರಡು ಬ್ಯಾಟರಿಗಳ ನಡುವೆ ಬರೀ ರಿಲೇ (ತಾನಾಗಿ ಕೂಡಿಸಿ ಬಿಡಿಸುವ ಸ್ವಿಚ್ಚು) ಹಾಕುವ ಹಳೆಯ ಪದ್ಧತಿ ಹೊಸ ಹೊಗೆ ನಿಯಮದ ಬಿಎಸ್6 ಗಾಡಿಗಳಿಗೆ ಸರಿಹೋಗದು. ಹಲವು ಗಾಡಿಗಳಲ್ಲಿ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಜನರೇಟರ್) ತಾನಾಗಿ ವೋಲ್ಟೇಜ್ ಇಳಿಸುತ್ತದೆ. ಸಣ್ಣ ಗಾಡಿಯಾದರೆ ಆಲ್ಟರ್ನೇಟರಿನ ಆಂಪಿಯರ್ ನೋಡಿಕೊಂಡು 20ರ ಚಾರ್ಜರ್ ಸಾಕು.

ಹೆಚ್ಚಿನ ಕೆಲಸ ಕೆಡುವುದು ಕೇಬಲಿನಲ್ಲಿ. ಬಾನೆಟ್ಟಿನಿಂದ ಹಿಂದಿನ ಚಾರ್ಜರಿಗೆ 4 ಮೀಟರ್ ಎಂದರೆ ಹೋಗಿ ಬರಲು 8. ಒಳಬರುವ ಕರೆಂಟು ಸುಮಾರು 35 ಆಂಪಿಯರ್. 6 ಚದರ ಮಿ.ಮೀ. ತಾಮ್ರದಲ್ಲಿ 0.86 ವೋಲ್ಟ್ ದಾರಿಯಲ್ಲೇ ಹೋಗುತ್ತದೆ; 16ರಲ್ಲಿ 0.32 ಮಾತ್ರ. ವೋಲ್ಟೇಜ್ ತೀರಾ ಬಿದ್ದರೆ ಎಂಜಿನ್ ಆಫ್ ಆಗಿದೆಯೆಂದು ತಿಳಿದು ಚಾರ್ಜರ್ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಚಾರ್ಜರ್ ಕೆಟ್ಟಿದೆಯೆಂದು ಬದಲಾಯಿಸಿದರೂ ಇದು ವಾಸಿಯಾಗದು. 16ನ್ನೇ ಹಾಕಿ, ಅದೂ ತವರ ಲೇಪಿಸಿದ, ಬೋಟಿಗೆ ಬಳಸುವಂಥ ತಾಮ್ರ. ಬರೀ ತಾಮ್ರ ಉಪ್ಪಿನ ತೇವಕ್ಕೆ ನಿರೋಧಕದ ಒಳಗೇ ಹಸಿರುಗಟ್ಟುತ್ತಾ ಹೋಗುತ್ತದೆ.

ಈ ಕೇಬಲಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ, ಹಾಗಾಗಿ ಎರಡೂ ತುದಿಗೆ 50 ಆಂಪಿಯರ್ ಫ್ಯೂಸ್ ಬೇಕು, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಲಗ್ಗನ್ನು (ಬೋಲ್ಟಿಗೆ ಸಿಕ್ಕಿಸುವ ಕೇಬಲ್ ತುದಿಯ ಬಳೆ) ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿ, ಅದರ ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ, ಒಳಗೆ ಅಂಟು ಬಳಿದದ್ದನ್ನೇ. ಬೆಸುಗೆ ಬೇಡ: ಬೆಸುಗೆ ಮುಗಿಯುವಲ್ಲಿ ತಂತಿ ಬಿರುಸಾಗಿ ಗಾಡಿಯ ಕುಲುಕಿಗೆ ತುಂಡಾಗುತ್ತದೆ. ಒಂದೊಂದು ದೀಪಕ್ಕೂ ಬಾಡಿ ಅರ್ಥ್ ಕೊಡಬೇಡಿ, ಅಂದರೆ ನೆಗೆಟಿವ್ ತಂತಿಯನ್ನು ಅಲ್ಲಲ್ಲೇ ಗಾಡಿಯ ತಗಡಿಗೆ ಬೋಲ್ಟ್ ಮಾಡಬೇಡಿ. ಆ ಬೋಲ್ಟುಗಳಿಗೆ ತುಕ್ಕು ಬಂತೆಂದರೆ ದೀಪ ಮಿಣುಕುತ್ತದೆ. ನೆಗೆಟಿವ್‌ಗೂ ಪ್ರತ್ಯೇಕ ತಂತಿ ಎಳೆದು ಬಸ್ ಬಾರಿಗೆ (ತಂತಿಗಳೆಲ್ಲ ಸೇರುವ ಲೋಹದ ಪಟ್ಟಿ) ತನ್ನಿ, ಅಲ್ಲಿಂದ ಚಾಸಿಗೆ ಒಂದೇ ಕಡೆ ಕೂಡಿಸಿ.

ತಗಡಿಗೆ ತೂತು ಕೊರೆದರೆ ಅಂಚು ಉಜ್ಜಿ, ಜಿಂಕ್ ಪ್ರೈಮರ್ ಬಳಿದು, ಬಣ್ಣ ಒಣಗಿದ ಮೇಲೆ ಪಾಲಿಯುರಿಥೇನ್ ಸೀಲಂಟ್ ತುಂಬಿ. ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ. ಅದೇ ತುಕ್ಕಿಗೆ ಬೀಜ.

ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಬರುತ್ತದೆ. ಸೀಟು ತೆಗೆಯುವ, ಚಾವಣಿ ಕೊಯ್ಯುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಬೋಲ್ಟ್ ಬಿಚ್ಚಿ ಹೊರತೆಗೆಯಬಹುದಾದ ಪೆಟ್ಟಿಗೆಗಳಲ್ಲೇ ಎಲ್ಲವನ್ನೂ ಜೋಡಿಸುವುದು ನನ್ನ ಶಿಫಾರಸು.

ಮುಚ್ಚಿಬಿಡುವ ಮೊದಲು ಫ್ರಿಜ್, ಫ್ಯಾನ್, ಚಾರ್ಜರ್ ಒಟ್ಟಿಗೆ ಅರ್ಧ ಗಂಟೆ ಓಡಿಸಿ. ಎಲ್ಲ ಆಫ್ ಮಾಡಿ ಒಂದೊಂದೇ ಲಗ್ ಮುಟ್ಟಿ ನೋಡಿ. ಬಿಸಿಯಾದದ್ದನ್ನು ಕತ್ತರಿಸಿ ಹೊಸದಾಗಿ ಒತ್ತಿ. ಮೊದಲ ಮಳೆ ಹೊಯ್ದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಿ.